ಪದಚರ್ಚೆ: ‘ಬಯಾಸ್’, ‘ನಿಶ್ಚಲ ಪ್ರವಾಹ’, ‘ಕ್ರಾಸ್‌ಓವರ್’ – ಆಂಪ್ಲಿಫೈಯರ್ ಕಟ್ಟುವವರ ಕನ್ನಡ

ಪ್ರಶ್ನೆ: ಮನೆಯಲ್ಲೇ ಕ್ಲಾಸ್ ಎಬಿ ಪವರ್ ಆಂಪ್ಲಿಫೈಯರ್ (ಸಿಗ್ನಲ್ ಅಲೆಯ ಮೇಲರ್ಧವನ್ನು ಒಂದು, ಕೆಳಗಿನರ್ಧವನ್ನು ಇನ್ನೊಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಹೊರುವ ಬಗೆ) ಕಟ್ಟುವವರಿಗೆ ಕನ್ನಡದ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ‘ಬಯಾಸ್ ಹೊಂದಿಸಿ’ ಎಂದಷ್ಟೇ ಬರೆದರೆ ಓದುಗರು ಏನನ್ನು ಅಳೆಯಬೇಕು? ಔಟ್‌ಪುಟ್ ಟ್ರಾನ್ಸಿಸ್ಟರುಗಳಲ್ಲಿ ಸಿಗ್ನಲ್ ಇಲ್ಲದಾಗ ಹರಿಯುವ ಕರೆಂಟಿಗೆ ‘ನಿಶ್ಚಲ ಪ್ರವಾಹ’ ಎನ್ನಬಹುದೇ? ‘ಕ್ರಾಸ್‌ಓವರ್ ಡಿಸ್ಟಾರ್ಷನ್’ (ಕೆಲಸ ಒಂದು ಟ್ರಾನ್ಸಿಸ್ಟರಿನಿಂದ ಇನ್ನೊಂದಕ್ಕೆ ದಾಟುವಾಗ ಅಲೆ ಕೆಡುವುದು) ಎಂಬುದನ್ನು, ದಪ್ಪ ಮತ್ತು ಕೀಚು ದನಿಗಳನ್ನು ಬೇರ್ಪಡಿಸಿ ಹಂಚುವ ಸ್ಪೀಕರ್ ಪೆಟ್ಟಿಗೆಯ ಕ್ರಾಸ್‌ಓವರಿಗೆ ಗಂಟುಹಾಕಿಕೊಳ್ಳುವವರೂ ಇದ್ದಾರೆ. ಅದಕ್ಕೆ ಬೇರೆ ಪದವಿದೆಯೇ? ‘ಅರ್ತ್’, ‘ಗ್ರೌಂಡ್’ ಎರಡಕ್ಕೂ ‘ಭೂಮಿ’ ಎಂದರೆ ಸಾಕೇ?

ಉತ್ತರ 1: ‘ಬಯಾಸ್’ ಹಾಗೆಯೇ ಇರಲಿ. ನಿಘಂಟು ಕೊಡುವ ಒಲವು, ಪೂರ್ವಗ್ರಹಗಳು ಇಲ್ಲಿ ದಾರಿ ತಪ್ಪಿಸುತ್ತವೆ. ಆದರೆ ಅದನ್ನು, ಸಿಗ್ನಲ್ ಇಲ್ಲದಾಗಲೂ ಟ್ರಾನ್ಸಿಸ್ಟರುಗಳನ್ನು ಸ್ವಲ್ಪ ತೆರೆದಿಡುವ ವೋಲ್ಟೇಜಿಗೆ ಮಾತ್ರ ಮೀಸಲಿಡಿ. ಎರಡು ಹಂತದ ಎಮಿಟರ್ ಫಾಲೋವರ್‌ನಲ್ಲಿ (ಡ್ರೈವರ್ ಟ್ರಾನ್ಸಿಸ್ಟರುಗಳು ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನು ನಡೆಸುವ ಜೋಡಣೆ) ಡ್ರೈವರುಗಳ ಎರಡು ಬೇಸ್‌ಗಳ ನಡುವೆ ನಾಲ್ಕು ಬೇಸ್-ಎಮಿಟರ್ ಜಂಕ್ಷನ್‌ಗಳ ವೋಲ್ಟೇಜಿನ ಮೊತ್ತ, ಅಂದರೆ ಸುಮಾರು 2.4ರಿಂದ 2.6 ವೋಲ್ಟ್ ಇರಬೇಕು. ಅದು ಬಯಾಸ್. ಅದರ ಫಲವಾಗಿ ಔಟ್‌ಪುಟ್ ಜೋಡಿಯಲ್ಲಿ ಹರಿಯುವ ಕರೆಂಟ್ ಬೇರೆಯೇ ಸಂಗತಿ. ‘ಬಯಾಸ್ 40 ಮಿಲಿವೋಲ್ಟ್’ ಎಂದು ಬರೆದು ಎಲ್ಲಿ ಎಂದು ಹೇಳದಿದ್ದರೆ, ಒಬ್ಬ ಒಂದೇ ಎಮಿಟರ್ ರೆಸಿಸ್ಟರಿನ (ಪ್ರತಿ ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರಿಗೆ ಸೇರಿಸಿದ ಸಣ್ಣ ರೆಸಿಸ್ಟರ್) ಮೇಲೆ ಅಳೆಯುತ್ತಾನೆ, ಇನ್ನೊಬ್ಬ ಎರಡರ ಮೇಲೂ ಸೇರಿಸಿ. ಮೊದಲನೆಯವನ ಕರೆಂಟ್ ಇಮ್ಮಡಿ.

‘ನಿಶ್ಚಲ ಪ್ರವಾಹ’ ನನಗೆ ಒಪ್ಪಿಗೆಯಿಲ್ಲ. ಹರಿಯುವುದನ್ನೇ ನಿಶ್ಚಲ ಎನ್ನುವುದು ಒಂದು ತೊಡಕು. ಓದುಗರು ಅದನ್ನು ‘ಬದಲಾಗದ ಕರೆಂಟ್’ ಎಂದು ತಿಳಿದರೆ ಅದು ಇನ್ನೂ ದೊಡ್ಡ ಅಪಾಯ, ಏಕೆಂದರೆ ಕಾವಿಗೆ ಇದರಷ್ಟು ಬದಲಾಗುವುದು ಆಂಪ್ಲಿಫೈಯರಿನಲ್ಲಿ ಮತ್ತೊಂದಿಲ್ಲ. ಬೇಸ್-ಎಮಿಟರ್ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಔಟ್‌ಪುಟ್ ಜೋಡಿ 30 ಡಿಗ್ರಿ ಬಿಸಿಯಾದರೆ ಎರಡೂ ಸೇರಿ 120 ಮಿಲಿವೋಲ್ಟ್. ಬಯಾಸ್ ಅಷ್ಟೇ ಇಳಿಯದೆ ನಿಂತರೆ, 0.22 ಓಂ ಎಮಿಟರ್ ರೆಸಿಸ್ಟರುಗಳ ಜೊತೆ 90 ಮಿಲಿಆಂಪಿಯರ್ ಇದ್ದದ್ದು 240ರ ಹತ್ತಿರ ಬರುತ್ತದೆ, ಅದರಿಂದ ಕಾವು ಮತ್ತೆ ಏರುತ್ತದೆ. ಈ ‘ಕಾವಿನ ಹುಚ್ಚೋಟ’ ತಡೆಯಲೆಂದೇ, ಅಂದರೆ ಕಾವೇರಿದಂತೆ ಬಯಾಸ್ ತಾನೂ ಇಳಿಯಲೆಂದೇ, ಬಯಾಸ್ ವೋಲ್ಟೇಜನ್ನು ನಿರ್ಧರಿಸುವ ಬಯಾಸ್ ಟ್ರಾನ್ಸಿಸ್ಟರನ್ನು ಹೀಟ್‌ಸಿಂಕಿಗೆ, ಸಾಧ್ಯವಾದರೆ ಔಟ್‌ಪುಟ್ ಟ್ರಾನ್ಸಿಸ್ಟರಿನ ಬೆನ್ನಿಗೇ, ಅಂಟಿಸುವುದು. ‘ವಿರಾಮ ಕರೆಂಟ್’ ಎನ್ನಿ. ವಿರಾಮ ಸಿಗ್ನಲಿಗೆ, ಕರೆಂಟಿಗಲ್ಲ ಎಂದು ಮೊದಲ ಬಳಕೆಯಲ್ಲೇ ತಿಳಿಸಿದರೆ ಸಾಕು.

ಕೈಪಿಡಿಯ ವಾಕ್ಯ ಹೀಗಿರಬಹುದು: “ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ತೆಗೆದಿಡಿ. ಪ್ರಿಸೆಟ್ಟನ್ನು (ಬಯಾಸ್ ಹೊಂದಿಸುವ, ತಿರುಗಿಸಬಲ್ಲ ಪುಟ್ಟ ರೆಸಿಸ್ಟರ್) ಬಯಾಸ್ ಅತಿ ಕಡಿಮೆಯಾಗುವ ಕೊನೆಗೆ ತಿರುಗಿಸಿ. ಮೇನ್ಸ್ ತಂತಿಗೆ ಸರಣಿಯಲ್ಲಿ 60 ವ್ಯಾಟಿನ ಫಿಲಮೆಂಟ್ ಬಲ್ಬ್ ಇಟ್ಟು ಆನ್ ಮಾಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ, ಔಟ್‌ಪುಟ್‌ನ ಡಿಸಿ 50 ಮಿಲಿವೋಲ್ಟಿನೊಳಗಿದ್ದರೆ, ಬಲ್ಬ್ ತೆಗೆದು ಮುಂದುವರಿಯಿರಿ. ಎರಡೂ ಎಮಿಟರುಗಳ ನಡುವೆ ಕ್ಲಿಪ್ಪಿನಿಂದ ಮೀಟರ್ ಜೋಡಿಸಿ ಅದು 40 ಮಿಲಿವೋಲ್ಟ್ ತೋರುವಂತೆ ವಿರಾಮ ಕರೆಂಟನ್ನು ಹೊಂದಿಸಿ. ಅರ್ಧ ಗಂಟೆ ಕಾದು ಮತ್ತೆ ಹೊಂದಿಸಿ.” ಎರಡು 0.22 ಓಂ ರೆಸಿಸ್ಟರುಗಳು ಸೇರಿ 0.44 ಓಂ, ಅದರ ಮೇಲೆ 40 ಮಿಲಿವೋಲ್ಟ್ ಅಂದರೆ ಸುಮಾರು 91 ಮಿಲಿಆಂಪಿಯರ್. ±40 ವೋಲ್ಟ್ ಸಪ್ಲೈಯಲ್ಲಿ ಸುಮ್ಮನಿದ್ದಾಗಲೇ ಚಾನೆಲ್ಲಿಗೆ 7 ವ್ಯಾಟಿಗೂ ಮಿಕ್ಕಿ ಕಾವು. ಪ್ರಿಸೆಟ್ ಬಯಾಸ್ ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ನಡುವೆ ಇರಬೇಕೆಂಬುದನ್ನು ದಪ್ಪಕ್ಷರದಲ್ಲಿ ಹಾಕಿ. ಅಲ್ಲಿ ವೈಪರ್ (ಪ್ರಿಸೆಟ್ಟಿನ ಜಾರುವ ಸಂಪರ್ಕ) ಬಿಟ್ಟುಕೊಂಡರೆ ಬಯಾಸ್ ಕುಸಿಯುತ್ತದೆ, ಬರೀ ಸದ್ದು ಕೆಡುತ್ತದೆ. ಕಲೆಕ್ಟರ್-ಬೇಸ್ ನಡುವೆ ಇದ್ದು ಬಿಟ್ಟುಕೊಂಡರೆ ಔಟ್‌ಪುಟ್ ಜೋಡಿಯೇ ಸುಡುತ್ತದೆ.

‘ಕ್ರಾಸ್‌ಓವರ್’ಗೆ ‘ಸೊನ್ನೆದಾಟು ವಿರೂಪ’ ಎಂದು ಬರೆದದ್ದನ್ನು ಕಂಡಿದ್ದೇನೆ. ಅದು ಅರ್ಧ ಸತ್ಯ. ಬಯಾಸ್ ಕಡಿಮೆಯಾದಾಗ ಮಾತ್ರ ಸೊನ್ನೆಯ ಬಳಿ ಅಲೆ ಮುರಿಯುತ್ತದೆ. ಹೆಚ್ಚಾದರೆ ನಡುವೆ ಎರಡೂ ಟ್ರಾನ್ಸಿಸ್ಟರುಗಳು ಒಟ್ಟಿಗೆ ದುಡಿದು, ಸೊನ್ನೆಯಿಂದ ದೂರ, ಒಂದು ಕೈಬಿಡುವ ಜಾಗದಲ್ಲಿ ಗೇನ್ (ವರ್ಧನೆ) ಇಳಿದು ಬೇರೊಂದು ಡೊಂಕು ಬರುತ್ತದೆ. ಎಮಿಟರ್ ರೆಸಿಸ್ಟರ್ ಪ್ರತಿಯೊಂದರ ಮೇಲೆ ಸಿದ್ಧಾಂತದಂತೆ 26 ಮಿಲಿವೋಲ್ಟ್, ಟ್ರಾನ್ಸಿಸ್ಟರಿನೊಳಗಿನ ರೋಧ ಲೆಕ್ಕಕ್ಕೆ ತಂದರೆ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದಾಗ ಈ ಹಸ್ತಾಂತರ ಅತಿ ನಯವಾಗಿರುತ್ತದೆ. ಎರಡೂ ತಪ್ಪುಗಳನ್ನು ಒಳಗೊಳ್ಳುವ ‘ಕೈಬದಲು ವಿರೂಪ’ ಎಂಬುದೇ ನನ್ನ ಆಯ್ಕೆ. ‘ಕ್ರಾಸ್‌ಓವರ್’ ಸ್ಪೀಕರ್ ಪೆಟ್ಟಿಗೆಗೇ ಇರಲಿ.

ಉತ್ತರ 2: ‘ಕೈಬದಲು’ ಸೊಗಸಾಗಿದೆ, ಒಪ್ಪಿದೆ. ‘ಭೂಮಿ’ ಮಾತ್ರ ಸಾಲದು. ಮೇನ್ಸಿನ ಮೂರನೆಯ ತಂತಿ ‘ಅರ್ತ್’. ಅದು ಜೀವರಕ್ಷಣೆಗೆ, ಲೋಹದ ಪೆಟ್ಟಿಗೆಗೆ ಬೋಲ್ಟಿನಿಂದ ಬಿಗಿಯಬೇಕು, ಹಮ್ (ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು) ಬಂತೆಂದು ಕಿತ್ತುಹಾಕುವಂತಿಲ್ಲ. ‘ಗ್ರೌಂಡ್’ ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಾಣ. ಎರಡಕ್ಕೂ ಒಂದೇ ಪದ ಕೊಟ್ಟರೆ ‘ಭೂಮಿ ಬಿಡಿಸಿ ನೋಡಿ’ ಎಂಬ ವಾಕ್ಯವನ್ನು ಯಾರಾದರೂ ಪಾಲಿಸಿಬಿಡುತ್ತಾರೆ. ಗ್ರೌಂಡಿಗೆ ‘ಸೊನ್ನೆತಾಣ’ ಎನ್ನಬಹುದು. ಆಗ ಗ್ರೌಂಡ್ ತಂತಿಗಳೆಲ್ಲ ಬಂದು ಸೇರುವ ಒಂದೇ ಬಿಂದುವಾದ ‘ಸ್ಟಾರ್ ಗ್ರೌಂಡ್’ ಕೂಡ ‘ಕೂಡು ಸೊನ್ನೆತಾಣ’ ಆಗುತ್ತದೆ. ಅದನ್ನು ಎರಡು ಫಿಲ್ಟರ್ ಕೆಪಾಸಿಟರುಗಳ ನಡುವಿನ ದಪ್ಪ ಪಟ್ಟಿಯ ಮೇಲೇ ಇಡದೆ, ಅಲ್ಲಿಂದ ಒಂದು ಗಿಡ್ಡ ತಂತಿ ಎಳೆದು ಅದರ ತುದಿಯಲ್ಲಿ ಇಡಬೇಕೆಂದೂ ಸೇರಿಸಿ. ಪಟ್ಟಿಯಲ್ಲಿ ಚಾರ್ಜಿಂಗ್ ಕರೆಂಟಿನ ಚೂಪು ಮಿಡಿತಗಳು ಓಡುತ್ತಿರುತ್ತವೆ. ಇನ್‌ಪುಟ್‌ನ ವಾಪಸು ತಂತಿ ಅಲ್ಲಿಗೆ ಸೇರಿದರೆ ಅವು ಗುಯ್‌ಗುಡುವ ಸದ್ದಾಗಿ ಸ್ಪೀಕರಿಗೆ ಬರುತ್ತವೆ.