‘ಕೀ ಫುಲ್ ತಗೊಳ್ಳುತ್ತೆ’: ಅರ್ಥವೇನು?

ಪ್ರಶ್ನೆ: ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿಯ ಚೀಟಿಯೊಂದರಲ್ಲಿ ‘ಕೀ ಕೊಡುವ ಫೋನೋಗ್ರಾಫ್, ಸೌಂಡ್ ಬಾಕ್ಸ್ ಒರಿಜಿನಲ್, ಕೀ ಫುಲ್ ತಗೊಳ್ಳುತ್ತೆ’ ಎಂದಿದೆ. ಫೋನೋಗ್ರಾಫ್, ಗ್ರಾಮಾಫೋನ್ ಒಂದೇನಾ? ಸೌಂಡ್ ಬಾಕ್ಸ್ ಅಂದರೆ ಇಡೀ ಪೆಟ್ಟಿಗೆಯೇ? ಕೊನೆಯ ಮಾತಿನ ಅರ್ಥ ಮಷೀನು ಚೆನ್ನಾಗಿದೆ ಎಂದೇ? ತಿಳಿದವರು ಹೇಳಬೇಕು.

ಉತ್ತರ: ಒಂದೇ ಅಲ್ಲ ಸಾರ್. ಎಡಿಸನ್ 1877ರಲ್ಲಿ ಮಾಡಿದ್ದು ಫೋನೋಗ್ರಾಫ್, ಅದರಲ್ಲಿ ದನಿ ಕೂರುವುದು ಉರುಳೆಯ ಮೇಲೆ. ಹತ್ತು ವರ್ಷದ ನಂತರ ಬರ್ಲಿನರ್ ತಂದ ಚಪ್ಪಟೆ ತಟ್ಟೆಯ ಯಂತ್ರವೇ ಗ್ರಾಮಾಫೋನ್. ಅಮೆರಿಕದವರು ಎರಡಕ್ಕೂ ಫೋನೋಗ್ರಾಫ್ ಅನ್ನುತ್ತಾರೆ. ನಮ್ಮಲ್ಲಿ ಪ್ಲೇಟು ಹಾಕುವುದಾದರೆ ಗ್ರಾಮಾಫೋನ್ ಅಂತಲೇ ಬರೆಯಬೇಕು.

ಸೌಂಡ್ ಬಾಕ್ಸ್ ಪೆಟ್ಟಿಗೆಯಲ್ಲ. ತೋಳಿನ ತುದಿಯಲ್ಲಿ ಮುಳ್ಳು ಸಿಕ್ಕಿಸುವ ದುಂಡನೆಯ ಬಿಲ್ಲೆ. ಒಳಗೆ ಅಭ್ರಕದ ಇಲ್ಲವೇ ಅಲ್ಯುಮಿನಿಯಂನ ತೆಳು ಹಾಳೆ, ಅದರ ಅಂಚಿಗೆ ರಬ್ಬರ್ ಬಳೆ. ರಬ್ಬರ್ ಕಲ್ಲಾಗಿದ್ದರೆ ದನಿ ಕರಕರ ಅನ್ನುತ್ತದೆ, ಅದನ್ನು ಬದಲಿಸಬಹುದು. ಹಿಂಬದಿಯ ಸತುವಿನ ಎರಕ ಉಬ್ಬಿ ಬಿರುಕು ಬಿಟ್ಟಿದ್ದರೆ ಮಾತ್ರ ರಿಪೇರಿ ಬಲು ಕಷ್ಟ.

ಇನ್ನು ಕೀ. ಹಾಸನ, ಚಿಕ್ಕಮಗಳೂರಿನಲ್ಲಿ ಗಡಿಯಾರಕ್ಕೆ, ಗೊಂಬೆಗೆ ‘ಕೀ ಕೊಡುವುದು’ ಎಂಬುದೇ ರೂಢಿ, ಅದನ್ನು ‘ಸುತ್ತುವುದು’ ಎಂದು ತಿದ್ದುವ ಅಗತ್ಯವಿಲ್ಲ. ಆದರೆ ‘ಫುಲ್ ತಗೊಳ್ಳುತ್ತೆ’ ಅಂದರೆ ಸ್ಪ್ರಿಂಗ್ ತುಂಡಾಗಿಲ್ಲ, ಅಷ್ಟೇ. ತುಂಡಾಗಿದ್ದರೆ ಕೀ ಕೊಡುವ ಹಿಡಿ ಬಿಗಿಯಾಗದೆ ಸುಮ್ಮನೆ ತಿರುಗುತ್ತಿರುತ್ತದೆ. ಮಷೀನು ಚೆನ್ನಾಗಿದೆ ಅನ್ನಬೇಕಾದರೆ 10 ಇಂಚಿನ ಪ್ಲೇಟಿನ ಒಂದು ಮಗ್ಗುಲು, ಅಂದರೆ ಸುಮಾರು 3 ನಿಮಿಷ, ಮುಳ್ಳಿಟ್ಟು ಕೊನೆತನಕ ಒಂದೇ ವೇಗದಲ್ಲಿ ಓಡಬೇಕು. ಪ್ಲೇಟಿನಡಿ ಕಾಗದದ ಚೂರೊಂದನ್ನು ಅಂಚು ಕಾಣುವಂತೆ ಸಿಕ್ಕಿಸಿ ಎಣಿಸಿ: ಅರ್ಧ ನಿಮಿಷಕ್ಕೆ 39 ಸುತ್ತು ಬಂದರೆ ವೇಗ ನಿಮಿಷಕ್ಕೆ 78 ಸುತ್ತು, ಸರಿಯಿದೆ. ಮುಳ್ಳಿಡದೆ ಎಣಿಸಿದ ಲೆಕ್ಕ ನಂಬಬೇಡಿ. ನಡುವೆ ಒಳಗಿಂದ ‘ದಬ್’ ಎಂದು ಸದ್ದು ಬಂದರೆ, ಗ್ರೀಸು ಗಟ್ಟಿಯಾಗಿ ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡು ಒಮ್ಮೆಗೇ ಬಿಡುತ್ತಿವೆ ಎಂದರ್ಥ. ಸಕಲೇಶಪುರ, ಮೂಡಿಗೆರೆಯ ತೇವದಲ್ಲಿದ್ದ ಪೆಟ್ಟಿಗೆಯಾದರೆ ತುಕ್ಕನ್ನೂ ನೋಡಿ. ಹಾಡು ಎಳೆದಾಡಿದರೆ ದೋಷ ಹೆಚ್ಚಾಗಿ ಗವರ್ನರಿನದು: ಅದರ ಮೂರು ಗುಂಡುಗಳನ್ನು ಹಿಡಿದ ತೆಳು ಪಟ್ಟಿಗಳಲ್ಲೊಂದು ಮುರಿದಿರುತ್ತದೆ. ‘ವೇಗನಿಯಂತ್ರಕ’ ಎಂಬ ಪದ ಪುಸ್ತಕಕ್ಕೆ ಸರಿ, ರಿಪೇರಿಯವರ ಹತ್ತಿರ ಗವರ್ನರ್ ಅನ್ನಿ.

‘ಒರಿಜಿನಲ್’ ಎಂಬ ಪದಕ್ಕೇ ಹೆಚ್ಚು ಎಚ್ಚರ ಬೇಕು. ಫಳಫಳ ಹೊಳೆಯುವ ಹಿತ್ತಾಳೆ ಹಾರ್ನ್, ಎಂಟು ಮೂಲೆಯ ಪೆಟ್ಟಿಗೆ, ಎಚ್‌ಎಂವಿ ಕಂಪನಿಯ ಗುರುತಾದ ನಾಯಿಯ ಹೊಚ್ಚ ಹೊಸ ಚಿತ್ರ ಮೂರೂ ಸೇರಿದ್ದರೆ ಅದು ಬಹುಪಾಲು ಈಚೆಗೆ ಜೋಡಿಸಿದ್ದು. ಮೋಟಾರು ಮಾತ್ರ ಹಳೇ ಸೂಟ್‌ಕೇಸ್ ಮಾದರಿಯದ್ದಿರುತ್ತದೆ. ಪ್ಲೇಟು ಕೂರಿಸುವ ತಿರುಗು ತಟ್ಟೆ ಎತ್ತಿಸಿ ಕೆಳಗಿನ ಹಲಗೆ ನೋಡಿ, ಮರ ಹೊಸದೋ ಹಳೆಯದೋ ಅಲ್ಲೇ ಗೊತ್ತಾಗುತ್ತದೆ.

ಪರೀಕ್ಷೆಗೆ ಹೊಸ ಉಕ್ಕಿನ ಮುಳ್ಳುಗಳನ್ನೂ ಅರಗಿನ ಪ್ಲೇಟೊಂದನ್ನೂ ನೀವೇ ಒಯ್ಯಿರಿ. ಒಂದು ಮಗ್ಗುಲಿಗೆ ಒಂದೇ ಮುಳ್ಳು. ಸವೆದದ್ದನ್ನು ಮತ್ತೆ ಇಟ್ಟರೆ ಪ್ಲೇಟಿನ ಗೀರು ಕೆಡುತ್ತದೆ. ಅಂಗಡಿಯವರು ಎಲ್‌ಪಿ (ಆಮೇಲೆ ಬಂದ ಪ್ಲಾಸ್ಟಿಕ್ ಪ್ಲೇಟು) ಹಾಕಿ ತೋರಿಸಲು ಬಂದರೆ ತಡೆಯಿರಿ, ಸೌಂಡ್ ಬಾಕ್ಸಿನ ಭಾರಕ್ಕೆ ಅದು ಒಂದೇ ಸಲಕ್ಕೆ ಹಾಳು.