ದೇವಸ್ಥಾನದ ಶಾಸನ ವಿಜಯನಗರದ್ದೋ, ಕೆಳದಿಯದ್ದೋ? 1565ರ ನಂತರ ನಮ್ಮ ಕರಾವಳಿಯಲ್ಲಿ ಉಳಿದದ್ದೇನು?

ಬ್ರಹ್ಮಾವರದ ಓದುಗ:
ಊರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಸ್ಮರಣ ಸಂಚಿಕೆ ಬರುತ್ತಿದೆ, ಇತಿಹಾಸದ ಲೇಖನ ಬೇಕಂತೆ. ಒಳಸುತ್ತಿನಲ್ಲಿ ಒಂದು ಶಾಸನದ ಕಲ್ಲುಂಟು. ಮೇಲೆ ಲಿಂಗ, ದನ, ಸೂರ್ಯ-ಚಂದ್ರ. ಅಕ್ಷರಗಳಿಗೆ ಯಾರೋ ಬಿಳಿ ಪೈಂಟ್ ತುಂಬಿಸಿದ್ದಾರೆ. "ಕೃಷ್ಣದೇವರಾಯನ ಕಾಲದ್ದು" ಎನ್ನುವುದು ಎಲ್ಲರ ಬಾಯಲ್ಲೂ ಉಂಟು. ಖಚಿತ ಮಾಡುವುದು ಹೇಗೆ? ಮತ್ತೆ, ರಾಜಧಾನಿಯೇ ಬಿದ್ದ ಮೇಲೆ ನಮ್ಮ ಕಡೆ ವಿಜಯನಗರದ್ದು ಅಂತ ನಿಜವಾಗಿ ಉಳಿದದ್ದೇನು? ಹಂಪಿಯ ಹಾಗೆ ತೋರಿಸಲಿಕ್ಕೆ ಇಲ್ಲಿ ಅರಮನೆ ಇಲ್ಲವಲ್ಲ.

ಶಾಸನಪ್ರಿಯ:
ಮೊದಲು ಪೈಂಟಿನ ವಿಷಯ. ಪೈಂಟ್ ಓದಬೇಡಿ, ಗೀರು ಓದಿ. ಬಣ್ಣ ತುಂಬಿದವರು ತಮಗೆ ಕಂಡ ಅಕ್ಷರಕ್ಕೆ ತುಂಬಿರುತ್ತಾರೆ, ತಪ್ಪಾಗಿ ಕಂಡದ್ದು ಹಾಗೆಯೇ ಖಾಯಂ ಆಗುತ್ತದೆ. ತೆಗೆಯಲಿಕ್ಕೆ ತಂತಿಬ್ರಷ್, ಆಸಿಡ್ ಬೇಡವೇ ಬೇಡ. ರಾತ್ರಿ ಲೈಟ್ ಆರಿಸಿ, ಕಲ್ಲಿನ ಒಂದು ಬದಿಯಿಂದ ಮೇಲ್ಮೈಗೆ ತಾಗಿದ ಹಾಗೆ ಟಾರ್ಚ್ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಇನ್ನೊಂದು ಬದಿಯಿಂದ, ಮೇಲಿನಿಂದ. ಒಂದರಲ್ಲಿ ಕಾಣದ ಒತ್ತಕ್ಷರ ಮತ್ತೊಂದರಲ್ಲಿ ನೆರಳಾಗಿ ಎದ್ದು ಬರುತ್ತದೆ.

ಲಿಂಗ, ದನ ನೋಡಿ ಕಾಲ ಹೇಳಲಿಕ್ಕಾಗದು, ಅದು ವಿಜಯನಗರದ ಮೊದಲೂ ಉಂಟು, ನಂತರವೂ ಉಂಟು. ನೋಡಬೇಕಾದದ್ದು ಆರಂಭದ ಸಾಲುಗಳು. ರಾಯರ ಹೆಸರಾದ ಮೇಲೆ "ಬಾರಕೂರ ರಾಜ್ಯ" ಅಥವಾ "ಮಂಗಳೂರ ರಾಜ್ಯ" ಆಳುತ್ತಿದ್ದ ಅಧಿಕಾರಿಯ ಹೆಸರು ಬಂದರೆ ವಿಜಯನಗರದ ಆಡಳಿತ (ಇಲ್ಲಿ ರಾಜ್ಯ ಎಂದರೆ ಪ್ರಾಂತ). "ಎಡವಮುರಾರಿ", "ಕೋಟೆಕೋಲಾಹಲ", "ವಿಶುದ್ಧವೈದಿಕಾದ್ವೈತ ಸಿದ್ಧಾಂತ ಪ್ರತಿಷ್ಠಾಪಕ" ಎಂಬ ಬಿರುದು ಕಂಡರೆ, ಮೊದಲು ವಿಜಯನಗರದ ಅಧೀನರಾಗಿದ್ದ ಘಟ್ಟದ ಮೇಲಿನ ಕೆಳದಿ ನಾಯಕರದ್ದು. ಎರಡೂ ಕಡೆಯ ಹೆಸರು ಒಂದೇ ಕಲ್ಲಿನಲ್ಲಿ ಇದ್ದರೆ ಗಾಬರಿ ಬೇಡ: ಕೆಳದಿಯ ಸದಾಶಿವ ನಾಯಕನಿಗೆ ಬಾರಕೂರು, ಮಂಗಳೂರು ರಾಜ್ಯಗಳ ಅಧಿಕಾರ ಸಿಕ್ಕಿದ್ದೇ ವಿಜಯನಗರದ ಸದಾಶಿವರಾಯನಿಂದ.

ಇಸವಿಗೆ ಶಕ ವರ್ಷಕ್ಕೆ 78 ಸೇರಿಸಿ. ಎಡವುವುದು ಇಲ್ಲಿಯೇ. ಶಕ ವರ್ಷ ಶುರುವಾಗುವುದು ಚೈತ್ರಕ್ಕೆ, ಹಾಗಾಗಿ ಮಾಘ, ಫಾಲ್ಗುಣದ ತಿಥಿಗೆ 79 ಸೇರಿಸಬೇಕು. ಪುಷ್ಯವಾದರೆ ತಿಥಿ ನೋಡಿ ತೀರ್ಮಾನ. ಕಾರ್ಕಳದ ಗೊಮ್ಮಟ ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ. ಬರೀ 78 ಸೇರಿಸಿದರೆ 1431 ಆಗುತ್ತದೆ, ಸರಿಯಾದದ್ದು 1432 ಫೆಬ್ರವರಿ 13. ಸಂವತ್ಸರದ ಹೆಸರನ್ನೂ ತಾಳೆ ನೋಡಿ. ಒಂದು ವರ್ಷ ಆಚೀಚೆ ಆದರೆ ಗತ (ಮುಗಿದ ವರ್ಷ), ವರ್ತಮಾನ (ನಡೆಯುವ ವರ್ಷ) ಲೆಕ್ಕದ ವ್ಯತ್ಯಾಸ. ಅದಕ್ಕಿಂತ ಹೆಚ್ಚು ತಪ್ಪಿದರೆ ನೀವು ಅಂಕೆಯನ್ನೇ ತಪ್ಪು ಓದಿದ್ದೀರಿ, ಸವೆದ ಕಲ್ಲಿನಲ್ಲಿ ೬ ಮತ್ತು ೯ ಬೇಗ ಮೋಸ ಮಾಡುತ್ತವೆ. ಸಂವತ್ಸರ 60 ವರ್ಷಕ್ಕೆ ತಿರುಗಿ ಬರುವುದರಿಂದ ಅದೊಂದನ್ನೇ ನೆಚ್ಚುವಂತಿಲ್ಲ. ಕೃಷ್ಣದೇವರಾಯ ಆಳಿದ್ದು 1509ರಿಂದ 1529, ಅಂದರೆ ಸುಮಾರು ಶಕ 1431ರಿಂದ 1451. ಅದರ ಹೊರಗೆ ಹೋದರೆ ಊರಿನ ಮಾತು ಬಿಟ್ಟುಬಿಡಿ.

ಕಲ್ಲು ಈಗಾಗಲೇ ಅಚ್ಚಾಗಿರಬಹುದು. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಸಂಪುಟಗಳಲ್ಲಿ ಹುಡುಕಿ ಫಲವಿಲ್ಲ, ಅವು ಮೈಸೂರು ಸಂಸ್ಥಾನ, ಕೊಡಗಿನವು. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿನಲ್ಲಿತ್ತು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ 7ನೇ ಸಂಪುಟದಿಂದ ಶುರು ಮಾಡಿ.

ಪಡುವಣ ತೀರ:
ಎರಡನೇ ಪ್ರಶ್ನೆಗೆ. ಇಲ್ಲಿ ವಿಜಯನಗರ ಎಂದರೆ ಕಟ್ಟಡಕ್ಕಿಂತ ಹೆಚ್ಚಾಗಿ ಲೆಕ್ಕ ಮತ್ತು ಅಧಿಕಾರ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ಇಮ್ಮಡಿ ದೇವರಾಯನ ಕಾಲ, ಸರಿ. ಆದರೆ ಕಾರ್ಕಳದ ಚತುರ್ಮುಖ ಬಸದಿ 1586ರದ್ದು, ವೇಣೂರಿನ ಗೊಮ್ಮಟ 1604ರದ್ದು. ಎರಡನ್ನೂ "ವಿಜಯನಗರ ಕಾಲ" ಎಂದು ಬರೆದುಬಿಡುತ್ತಾರೆ. ಭೈರರಸರು, ಅಜಿಲರು, ಚೌಟರು ಎಂಬ ಜೈನ ಅರಸುಮನೆತನದವರು ಕಪ್ಪ ಕೊಡುತ್ತ ಮೊದಲಿನಿಂದಲೂ ಇಲ್ಲೇ ಇದ್ದವರು; 1565ರ ರಕ್ಕಸತಂಗಡಿ ಯುದ್ಧದಲ್ಲಿ ಸೋತದ್ದು ವಿಜಯನಗರದ ದೊರೆ, ಇವರಲ್ಲ. ಅರವೀಡು ವಂಶದವರು ಪೆನುಕೊಂಡೆಗೆ ಸರಿದ ಮೇಲೆ ಘಟ್ಟದ ಮೇಲಿನಿಂದ ಕೆಳದಿಯವರು ಆ ಜಾಗ ತುಂಬಿದರು.

ಭೂಮಿಯ ಲೆಕ್ಕ ಇದಕ್ಕಿಂತ ಗಟ್ಟಿ. ಬಾರಕೂರಿನ ಶಾಸನಗಳಲ್ಲಿ ಬರುವ "ಸಿದ್ಧಾಯ", ಅಂದರೆ ನಿಗದಿ ಮಾಡಿದ ತೆರಿಗೆ, ಅದರ ಮೇಲೆ ಕೆಳದಿಯ ಶಿವಪ್ಪ ನಾಯಕನ ಶಿಸ್ತು, ಅಂದರೆ ಅವನು ಮಾಡಿದ ಕಂದಾಯ ನಿಗದಿ, ಬಂತು. 1763ರಲ್ಲಿ ಹೈದರ್ ಕೆಳದಿಯವರ ರಾಜಧಾನಿ ಬಿದನೂರು ಹಿಡಿದು ತೆರಿಗೆಯನ್ನು ಮೇಲಿಂದ ಮೇಲೆ ಏರಿಸಿದ. 1799ರಲ್ಲಿ ಕಂಪನಿಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹಳೆಯ ಕಡತ ಬಿಚ್ಚಿಸಿ ನೋಡಿದ. ಹರಿಹರರಾಯನ ಕಾಲದ್ದೆಂದು ಆಗ ಹೇಳುತ್ತಿದ್ದ ಪಾಲು ಹೀಗೆ: ಬೆಳೆ 30 ಪಾಲಾದರೆ ಸಾಗುವಳಿ ಮಾಡಿದವನಿಗೆ 15, ಭೂಮಿಯ ಒಡೆಯನಿಗೆ ಏಳೂವರೆ, ಅರಸನಿಗೆ 5, ಉಳಿದ ಎರಡೂವರೆ ದೇವರಿಗೆ ಮತ್ತು ಬ್ರಾಹ್ಮಣರಿಗೆ. ಇದು ನಾಲ್ಕು ಶತಮಾನದ ನಂತರ ಬರೆದಿಟ್ಟದ್ದು, ಶಾಸನದ ಸಾಕ್ಷಿಯಂತೆ ಸಂಚಿಕೆಯಲ್ಲಿ ಹಾಕಬೇಡಿ. ಆದರೂ ಮೂಲವರ್ಗದವರ (ವಂಶಪಾರಂಪರ್ಯದ ಭೂಒಡೆಯರ) ಒಡೆತನವನ್ನು ಕಂಪನಿ ಒಪ್ಪಿಕೊಳ್ಳಲಿಕ್ಕೆ ಇಂಥ ಹಳೆಯ ಲೆಕ್ಕಗಳೇ ಆಧಾರ. ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ವರ್ಷದಿಂದ ವರ್ಷಕ್ಕೆ ಕೊಡುವ ಗೇಣಿ) ಜಗಳ 1974ರ ಭೂಸುಧಾರಣೆಯವರೆಗೆ ಎಳೆಯಿತು, ಮೂಲಗೇಣಿಯದ್ದು ಆಮೇಲೂ ಮುಗಿಯಲಿಲ್ಲ.

ವರಹ ಹಣ:
ನಾಣ್ಯ ಮರೆತಿರಿ ಮಾರಾಯ್ರೆ! ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ ಎಂದು ಶಾಸನಗಳಲ್ಲೇ ಬರುತ್ತದೆ. ವರಹ ಸುಮಾರು 3.4 ಗ್ರಾಂ ಚಿನ್ನ. ಅದರ ಮೇಲಿನ ಶಿವ-ಪಾರ್ವತಿ ಅಚ್ಚನ್ನು ಕೆಳದಿಯವರು ಬಿಡಲಿಲ್ಲ. ಬಿದನೂರು ಗೆದ್ದ ಹೈದರನೂ ಬಿಡಲಿಲ್ಲ, ಹಿಂಬದಿಗೆ ತನ್ನ ಹೆಸರಿನ ಪಾರ್ಸಿ ಅಕ್ಷರ ಹಾಕಿ ಮುಂಬದಿ ಹಾಗೇ ಇಟ್ಟ. ಮುಖ ಬದಲಾದರೆ ಪೇಟೆಯಲ್ಲಿ ಸರಾಫ ವಟ್ಟ (ಬೆಲೆಯಲ್ಲಿ ಕಡಿತ) ಕಡಿಯುತ್ತಾನೆ, ರಾಜನಾದರೇನು?

ದಸರೆಯನ್ನು ಈ ಪಟ್ಟಿಗೆ ಸೇರಿಸುವವರಿದ್ದಾರೆ. ಮಹಾನವಮಿಯ ಎಳೆ ಹೋದದ್ದು 1610ರ ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಮೈಸೂರಿಗೆ. ಮಂಗಳೂರು ದಸರೆಯ ಕುದ್ರೋಳಿ ದೇವಸ್ಥಾನ ನಾರಾಯಣ ಗುರುಗಳು 1912ರಲ್ಲಿ ಪ್ರತಿಷ್ಠೆ ಮಾಡಿದ್ದು, ಅದರ ಕಥೆಯೇ ಬೇರೆ.

ಬ್ರಹ್ಮಾವರದ ಓದುಗ:
ಧನ್ಯವಾದ. ಕಲ್ಲಿನ ಕೆಳಗಿನ ಎರಡು ಸಾಲು ಈಗ ನೆಲದ ಸಿಮೆಂಟಿನೊಳಗೆ. ಮುಂದಿನ ವಾರ ಗ್ರಾನೈಟ್ ಹಾಸುವವರು ಬರುತ್ತಾರೆ.

ಶಾಸನಪ್ರಿಯ:
ಹಾಗಾದರೆ ಲೇಖನ ಆಮೇಲೆ, ಮೊದಲು ಆಡಳಿತ ಮಂಡಳಿಯವರನ್ನು ಹಿಡಿಯಿರಿ. ಕಲ್ಲಿನ ಸುತ್ತ ಒಂದಡಿ ಬಿಟ್ಟು ಗ್ರಾನೈಟ್ ನಿಲ್ಲಿಸಲಿ. ಕೆಳಗಿನ ಸಾಲು ಸಾಮಾನ್ಯವಾಗಿ ಶಾಪಾಶಯ (ದಾನ ಕೆಡಿಸಿದವರಿಗೆ ಹಾಕುವ ಶಾಪ), ಕೆಲವೊಮ್ಮೆ ಬರೆದವನ ಹೆಸರೂ ಅಲ್ಲೇ ಇರುತ್ತದೆ. ಸಿಮೆಂಟ್ ಬಿಡಿಸಲಿಕ್ಕೆ ಡ್ರಿಲ್ಲಿಂಗ್ ಮೆಷಿನ್ ಬೇಡ. ಪುರಾತತ್ವ ಇಲಾಖೆಗೆ ಒಂದು ಅರ್ಜಿ ಕೊಟ್ಟು, ಅವರು ಬರುವವರೆಗೆ ಅಲ್ಲಿಗೆ ಯಾರೂ ಕೈ ಹಾಕದ ಹಾಗೆ ನೋಡಿಕೊಳ್ಳಿ.