ಗ್ಯಾಸ್ ಲಿಫ್ಟ್ ವಾಲ್ವ್: ಕವಾಟವೋ, ತೂಬೋ, ಕಿಂಡಿಯೋ?

ಬಲ್ಲವರಿಗೆಲ್ಲ ನಮಸ್ಕಾರ.

ಬಾಂಬೆ ಹೈ ಬಗ್ಗೆ ಪಿಯುಸಿ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಮುಂಬೈ ಕರಾವಳಿಯಿಂದ ಸುಮಾರು 160 ಕಿಲೋಮೀಟರ್ ದೂರದ ಕಡಲಲ್ಲಿರುವ ಎಣ್ಣೆ ನೆಲೆ ಅದು. 1974ರಲ್ಲಿ ಸಿಕ್ಕಿತು, 1976ರಲ್ಲಿ ಎಣ್ಣೆ ಬರಲು ಶುರುವಾಯಿತು. ಇಷ್ಟು ಬರೆಯುವುದು ಸುಲಭ. ಅಲ್ಲಿ ಎಣ್ಣೆ ಮೇಲೆ ಬರುವುದು ಹೇಗೆ ಅಂತ ಬರೆಯಲು ಕೂತಾಗ, ಇಂಗ್ಲಿಷ್ ಪದಗಳಿಗೆ ಒಪ್ಪುವ ಕನ್ನಡ ಪದ ಸಿಗದೆ ಪೆನ್ನು ನಿಂತುಬಿಟ್ಟಿತು. (ಎಣ್ಣೆಬಾವಿ ಅಂದರೆ ಹಿಂದಿನ ಬೆಂಚಿನ ಹುಡುಗರು ನಗುತ್ತಾರೆ ಅಂತ ಗೊತ್ತು. ನಗಲಿ. ತೈಲಕೂಪ ಅಂತ ನಾನು ಬರೆಯುವುದಿಲ್ಲ.)

ಮೊದಲು ಸಂಗತಿ ಹೇಳಿಬಿಡುತ್ತೇನೆ. ಹೊಸ ಬಾವಿಯಲ್ಲಿ ಎಣ್ಣೆ ಎಷ್ಟೋ ಸಲ ತಾನಾಗಿಯೇ ಉಕ್ಕುತ್ತದೆ. ವರ್ಷ ಕಳೆದಂತೆ ಕೆಳಗಿನ ಒತ್ತಡ ಇಳಿಯುತ್ತದೆ, ಎಣ್ಣೆಯ ಜೊತೆ ನೀರೂ ಜಾಸ್ತಿ ಬರುತ್ತದೆ. ಕೊಳವೆ ತುಂಬ ನಿಂತ ಆ ಭಾರವನ್ನು ಮೇಲಕ್ಕೆ ತಳ್ಳುವ ಕಸುವು ಬಾವಿಗೆ ಇರುವುದಿಲ್ಲ. ಆಗ ಎಣ್ಣೆಯ ಜೊತೆ ಬಂದ ಗ್ಯಾಸನ್ನೇ ಬೇರೆ ಮಾಡಿ, ಕಂಪ್ರೆಸರ್‌ನಲ್ಲಿ ಒತ್ತಿ, ವಾಪಸ್ ಬಾವಿಗೆ ಬಿಡುತ್ತಾರೆ. ಹೊರಗಿನ ಕೇಸಿಂಗ್ ಕೊಳವೆಗೂ ಒಳಗಿನ ಎಣ್ಣೆ ಕೊಳವೆಗೂ ನಡುವಿನ ಸಂದಿಯಲ್ಲಿ ಅದು ಇಳಿಯುತ್ತದೆ. ಒಳಕೊಳವೆಯ ಉದ್ದಕ್ಕೂ ಅಲ್ಲಲ್ಲಿ ವಾಲ್ವ್ ಕೂರಿಸಿರುತ್ತಾರೆ. ಅದರ ಮೂಲಕ ಗ್ಯಾಸ್ ಎಣ್ಣೆಯೊಳಗೆ ನುಗ್ಗುತ್ತದೆ. ಗುಳ್ಳೆ ತುಂಬಿದ ಎಣ್ಣೆ ಹಗುರಾಗುತ್ತದೆ. ಆಮೇಲೆ ಉಳಿದಿರುವ ಒತ್ತಡವೇ ಸಾಕಾಗುತ್ತದೆ. ಇದಕ್ಕೇ 'ಗ್ಯಾಸ್ ಲಿಫ್ಟ್' ಅನ್ನುವುದು.

ಬೋರ್‌ವೆಲ್‌ಗೆ ಕಂಪ್ರೆಸರ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಕಡಿಮೆ ಇರುವ ಬೋರಿಗೆ ಗಾಳಿ ಬಿಟ್ಟು ನೀರೆತ್ತುವುದೂ ಇದೇ ಲೆಕ್ಕ. ಎಣ್ಣೆಬಾವಿಗೆ ಗಾಳಿ ಬಿಟ್ಟರೆ ಬೆಂಕಿಯ ಭಯ, ಕೊಳವೆಗೂ ತುಕ್ಕು. ಅದಕ್ಕೇ ಅಲ್ಲಿ ಗ್ಯಾಸ್. 'ಕೇಸಿಂಗ್' ಎರಡು ಕಡೆಯೂ ಒಂದೇ ಪದ, ಕೋಲಾರದ ರೈತರ ಬಾಯಲ್ಲೂ ಇದೆ. ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ.

'ಲಿಫ್ಟ್' ಅನ್ನುವುದಕ್ಕೆ ಪದ ತಾನಾಗಿಯೇ ಸಿಕ್ಕಿತು: ಏತ. ಏತ ನೀರಾವರಿ ಅಂತ ಸರ್ಕಾರವೇ ಬಳಸುವ ಪದ. ಹಾಗಾಗಿ 'ಅನಿಲ ಏತ'. ಹಳೆಯ ಏತದ ಮರದ ಹಿಂದಿನ ತುದಿಗೆ ಕಲ್ಲು ಕಟ್ಟುತ್ತಿದ್ದರಲ್ಲ, ಸೇದುವವನಿಗೆ ಭಾರ ಕಡಿಮೆಯಾಗಲಿ ಅಂತ? ಗ್ಯಾಸ್ ಮಾಡುವುದೂ ಅಷ್ಟೇ. ಎತ್ತುವುದು ಬಾವಿ, ಭಾರ ಇಳಿಸುವುದು ಗ್ಯಾಸ್. ಈ ಪದದ ಬಗ್ಗೆ ನನಗೆ ಅನುಮಾನವಿಲ್ಲ.

'ಇಂಜೆಕ್ಷನ್' ಸ್ವಲ್ಪ ತೊಡಕು. ಚುಚ್ಚುಮದ್ದಿನ ಚುಚ್ಚು ಇಲ್ಲಿಗೆ ಹೊಂದುವುದಿಲ್ಲ, ಇಲ್ಲಿ ಯಾರೂ ಏನನ್ನೂ ಚುಚ್ಚುತ್ತಿಲ್ಲ. ಇನ್ನೊಂದು ಪೇಚು ಅಂದರೆ ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಕೆಲಸ. ಒಂದು, ಮೇಲೆ ಹೇಳಿದ್ದು. ಇನ್ನೊಂದು, ಬೇರೆ ಬಾವಿಯ ಮೂಲಕ ನೆಲದಾಳದ ಎಣ್ಣೆಪದರಕ್ಕೇ ಗ್ಯಾಸ್ ತುಂಬಿ, ಅಲ್ಲಿನ ಒತ್ತಡ ಬೀಳದಂತೆ ಕಾಯುವುದು. ಓದುವವರು ಎರಡನ್ನೂ ಕಲಸಿಬಿಡುತ್ತಾರೆ. ಕನ್ನಡದಲ್ಲಿ ಬೇರೆ ಬೇರೆ ಪದ ಇಟ್ಟರೆ ಆ ಗೊಂದಲವೇ ಇರುವುದಿಲ್ಲ, ಅಲ್ವಾ? ಪದರಕ್ಕೆ 'ಊಡುವುದು', ಕೊಳವೆಗೆ 'ಹಾಯಿಸುವುದು' ಅಂತ ಅಂದುಕೊಂಡಿದ್ದೇನೆ. ಬೆಳೆಗೆ ನೀರೂಡುವ ಹಾಗೆ, ಕಾಲುವೆಗೆ ನೀರು ಹಾಯಿಸುವ ಹಾಗೆ.

ನಿಜವಾದ ಪ್ರಶ್ನೆ ವಾಲ್ವ್‌ದು. ಗೇಟ್‌ವಾಲು, ಫುಟ್‌ವಾಲು ಅಂತ ಎಲ್ಲರೂ ಅನ್ನುತ್ತಾರೆ, ಹಾಗೇ ಬಿಡಬಹುದಿತ್ತು. ಆದರೆ ಈ ಬಾವಿಯಲ್ಲಿ ಎರಡು ಬಗೆಯ ವಾಲ್ವ್ ಇವೆ: ಕೊಳವೆಯ ಮೇಲುಭಾಗದವು ಒಂದು ಬಗೆ, ಎಲ್ಲಕ್ಕಿಂತ ಕೆಳಗಿನದು ಇನ್ನೊಂದು. ಅವುಗಳ ನಡುವಿನ ವ್ಯತ್ಯಾಸವೇ ನನ್ನ ಬರಹದ ಜೀವಾಳ.

ತೂಬು ಅಂತ ಮೊದಲು ಬರೆದೆ, ಆಮೇಲೆ ಹೊಡೆದುಹಾಕಿದೆ. ತೂಬನ್ನು ನೀರುಗಂಟಿ ಎತ್ತಬೇಕು. ಬಾವಿಯ ಆಳದಲ್ಲಿ ಯಾವ ನೀರುಗಂಟಿಯೂ ಇಲ್ಲ. ಮೇಲಿನ ವಾಲ್ವ್‌ಗಳು ತಾವೇ ತೆರೆದು ತಾವೇ ಮುಚ್ಚುತ್ತವೆ. ಒಂದೋ ಒಂದೂವರೆಯೋ ಇಂಚು ದಪ್ಪದ ಕೋಲಿನಂಥ ವಸ್ತು ಅದು. ಒಳಗೆ ಮಡಿಕೆ ಮಡಿಕೆಯಾದ ಲೋಹದ ಚೀಲ, ಅದರಲ್ಲಿ ನೈಟ್ರೋಜನ್ ತುಂಬಿ ಮುಚ್ಚಿರುತ್ತಾರೆ. ಸಂದಿಯ ಗ್ಯಾಸ್ ಒತ್ತಿದರೆ ಚೀಲ ಕುಗ್ಗಿ, ತೂತಿನ ಮೇಲೆ ಕೂತ ಗುಂಡು ಏಳುತ್ತದೆ. ಒತ್ತಡ ಇಳಿದರೆ ಚೀಲ ಹಿಗ್ಗಿ ಗುಂಡು ಮತ್ತೆ ಕೂರುತ್ತದೆ. ಆ ಚೀಲಕ್ಕೆ ಕಮ್ಮಾರನ 'ತಿದಿ' ಬಿಟ್ಟು ಬೇರೆ ಪದ ಯಾಕೆ? ಇಂಗ್ಲಿಷಿನವರೂ 'ಬೆಲ್ಲೋಸ್' ಅಂತ ಕುಲುಮೆಯಿಂದಲೇ ಪದ ತಂದಿದ್ದಾರೆ. ತಾನಾಗಿಯೇ ತೆರೆದು ಮುಚ್ಚುವುದಕ್ಕೆ ಹೃದಯದ 'ಕವಾಟ' ಸರಿಹೊಂದುತ್ತದೆ. ಅಲ್ಲೂ ರಕ್ತದ ಒತ್ತಡವೇ ಬಾಗಿಲು ತೆಗೆಯುತ್ತದೆ.

ಎಲ್ಲಕ್ಕಿಂತ ಕೆಳಗಿನದಕ್ಕೆ ತಿದಿ ಇರುವುದಿಲ್ಲ. ಬರೀ ಅಳತೆಯ ತೂತು. ಎಣ್ಣೆ ಹಿಂದಕ್ಕೆ ಸಂದಿಗೆ ಬರದಂತೆ ತಡೆಯಲು, ಫುಟ್‌ವಾಲಿನ ಹಾಗೆ, ಒಂದು ತಡೆ ಮಾತ್ರ. ದಿನನಿತ್ಯ ಗ್ಯಾಸ್ ಹಾಯುವುದು ಸಾಮಾನ್ಯವಾಗಿ ಇದರಲ್ಲೇ. ಇದನ್ನು 'ಕಿಂಡಿ' ಅಂದರೆ ಸಾಕಲ್ಲವೇ? ಕವಾಟ ಅಂದರೆ ಸುಳ್ಳು ಹೇಳಿದಂತಾಗುತ್ತದೆ.

ಹಾಗಾದರೆ ಮೇಲಿನ ಕವಾಟಗಳು ಯಾಕೆ? ಶುರುವಿನಲ್ಲಿ ಸಂದಿಯ ತುಂಬ ದ್ರವ ನಿಂತಿರುತ್ತದೆ. ಅದನ್ನು ಒಂದೇ ಏಟಿಗೆ ತಳದವರೆಗೆ ತಳ್ಳಲು ಕಂಪ್ರೆಸರಿಗೆ ಆಗುವುದಿಲ್ಲ. ಮೊದಲ ಕವಾಟದವರೆಗೆ ತಳ್ಳಿದರೆ ಅಲ್ಲಿಂದ ಗ್ಯಾಸ್ ಒಳಹೋಗಿ ಕೊಳವೆ ಸ್ವಲ್ಪ ಹಗುರಾಗುತ್ತದೆ. ಸಂದಿಯ ದ್ರವ ಇನ್ನಷ್ಟು ಇಳಿಯುತ್ತದೆ. ಎರಡನೆಯದು ಸಿಕ್ಕಿದ ಮೇಲೆ ಸಂದಿಯ ಒತ್ತಡ ತುಸು ಇಳಿದು ಮೊದಲನೆಯದು ಮುಚ್ಚಿಕೊಳ್ಳುತ್ತದೆ. ಹೀಗೆ ಕಲ್ಯಾಣಿಯ ಮೆಟ್ಟಿಲು ಇಳಿದ ಹಾಗೆ ಕಿಂಡಿಯವರೆಗೆ.

ಈ ಕೆಲಸಕ್ಕೆ ಎಣ್ಣೆಬಾವಿಯ ಇಂಜಿನಿಯರುಗಳು 'ಅನ್‌ಲೋಡಿಂಗ್' ಅನ್ನುತ್ತಾರೆ. ಲಾರಿಯಿಂದ ಮೂಟೆ ಇಳಿಸುವುದು ನೆನಪಾಗುತ್ತದೆ, ಆದರೆ ಇಲ್ಲಿ ದ್ರವ ಹತ್ತಿ ಹೊರಗೆ ಬರುತ್ತದೆ. 'ಇಳಿಸು' ಅಂತ ಬರೆದರೆ ತಿರುಗುಮುರುಗು. 'ಬರಿದು ಮಾಡು' ಅಂದರೆ ಸಪ್ಪೆ. ಬಾವಿಯಲ್ಲಿ ನಿಂತ ಹಳೆ ನೀರನ್ನೆಲ್ಲ ಎತ್ತಿ ಹೊರಗೆ ಹಾಕಿ, ಹೊಸ ಸೆಲೆ ಬರುವಂತೆ ಮಾಡುವುದಕ್ಕೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ? ಬೋರ್ ಬಂದ ಮೇಲೆ 'ಫ್ಲಶ್' ಮಾಡಿಸುತ್ತೇವೆ ಅನ್ನುವುದು ಗೊತ್ತು. ಅದಕ್ಕಿಂತ ಮುಂಚೆ, ಸೇದುವ ಬಾವಿಗಳ ಕಾಲದಲ್ಲಿ ಬಳಸುತ್ತಿದ್ದ ಪದ ಬೇಕು. ಮನೆಯ ಹಿರಿಯರನ್ನು ಸುಮ್ನೆ ಒಮ್ಮೆ ಕೇಳಿ ನೋಡಿ. ಜಿಲ್ಲೆಯ ಹೆಸರನ್ನೂ ಬರೆದರೆ ಉಪಕಾರ.